ನೀರು ತಾಗಿಸಬಾರದ ಮುಖ

ನನ್ನ ಅಕ್ಕ ಶಶಿಯ ಮುಖ ಈ ಲೋಕದಲ್ಲಿ ಒಂದೇ ಒಂದು ಕಡೆ ಉಳಿದಿತ್ತು, ಪುಸ್ತಕದ ಅಂಗಡಿಯ ಮುಂದೆ ನಿಲ್ಲಿಸುವ ಆಳೆತ್ತರದ ಒಂದು ರಟ್ಟಿನ ಕಟೌಟಿನ ಹೆಗಲ ಮೇಲೆ. ಕಟೌಟಿನ ಮೈ ಯಾವನೋ ಕಾಮಿಕ್ಸ್ ವೀರನದು. ನೀಲಿ ಮೇಲುಹೊದಿಕೆ, ಮೊಣಕಾಲುದ್ದದ ಬೂಟು, ಪಕ್ಕದಲ್ಲಿ ಬಿಳಿ ಕುದುರೆ, ಕೈಯಲ್ಲಿ ಲಗಾಮು. ಮುಖ ಮಾತ್ರ ಹನ್ನೊಂದು ವರ್ಷದ ಹುಡುಗಿಯದು, ಮುಂದಿನ ಒಂದು ಹಲ್ಲು ಅರ್ಧ ಮುರಿದದ್ದು. ಹಳೆಯ ಕಾಮಿಕ್ಸ್ ಅಂಗಡಿಗಳ ತಗಡಿನ ಬೋರ್ಡು, ಸುತ್ತುವ ಸ್ಟ್ಯಾಂಡು, ಕಟೌಟು ಕೂಡಿಸುವ ಹುಚ್ಚಿನವಳು ನಾನು. ಈ ಊರಿನಲ್ಲಿ ನನ್ನಷ್ಟು ಜತನ ಮಾಡುವವರು ಇನ್ನೊಬ್ಬರಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದವಳು. ಆ ಮುಖ ಅಳಿಸಿಹೋದದ್ದು ನನ್ನಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ನನಗೆ ಧೈರ್ಯ ಬರಲಿಕ್ಕಿಲ್ಲ.

ಆಗ ನಾವು ಕಾಚಿಗೂಡದಲ್ಲಿದ್ದೆವು. ಸ್ಟೇಷನ್ನಿನ ಹಿಂದಿನ ಗಲ್ಲಿ, ಒಂದು ಅಂಗಳದ ಸುತ್ತ ನಾಲ್ಕು ಬಾಡಿಗೆ ಮನೆ. ನಮ್ಮ ಪಾಲಿಗೆ ಎರಡು ಕೋಣೆ, ಹೊಗೆ ಹಿಡಿದ ಅಡುಗೆಮನೆ, ಹಿಂದೆ ಬಾಗಿಲಿಲ್ಲದ ಬಚ್ಚಲು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೊಸ್ತಿಲ ಆಚೆ ತೆಲುಗು, ಉರ್ದು ಎರಡನ್ನೂ ನೀರು ಕುಡಿದಂತೆ ಆಡುತ್ತಿದ್ದವನು ಹೊಸ್ತಿಲೊಳಗೆ ಬಂದರೆ ಕಲಬುರ್ಗಿ ಕಡೆಯ ಕನ್ನಡಕ್ಕೆ ತಿರುಗುತ್ತಿದ್ದ. ತಿರುಗದಿದ್ದರೆ ಅಜ್ಜಿ ತಾಟಿಗೆ ರೊಟ್ಟಿ ಹಾಕುತ್ತಿರಲಿಲ್ಲ. ಅಪ್ಪನ ತಮ್ಮ ಬಸಣ್ಣ ಕಾಕಾ ನಮ್ಮ ಜೊತೆಗೇ ಇದ್ದ. ಮದುವೆ ಬೇಡ ಅಂದಿದ್ದ. ಅಜ್ಜಿ ಅದನ್ನು ದಿನಕ್ಕೊಮ್ಮೆಯಾದರೂ ಎತ್ತಿ ಆಡುತ್ತಿದ್ದಳು. ಕಾಕಾ ಸುಲ್ತಾನ್ ಬಜಾರಿನ ಒಬ್ಬ ಕಾಮಿಕ್ಸ್ ಏಜೆಂಟರ ಹತ್ತಿರ ಕೆಲಸಕ್ಕಿದ್ದ. ಪುಸ್ತಕ ಮಾರುವುದು ಅವನ ಕೆಲಸವಲ್ಲ, ಅಂಗಡಿಯ ಮುಂಭಾಗವನ್ನು ಸಿಂಗರಿಸುವುದು. ಸಿಕಂದರಾಬಾದ್ ಸ್ಟೇಷನ್ನಿನ ಸ್ಟಾಲು, ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿ, ಅತ್ತ ಲಿಂಗಂಪಲ್ಲಿಯ ತನಕ ಸೈಕಲ್ಲು ತುಳಿದು ಹೋಗಿ ತಗಡಿನ ಬೋರ್ಡು ಹೊಡೆದು, ಬಣ್ಣದ ಕಾಗದದ ಮಾಲೆ ತೂಗುಹಾಕಿ, ಹೊಸ ವೀರನ ಕಟೌಟು ನಿಲ್ಲಿಸಿ ಬರುತ್ತಿದ್ದ.

ಆ ಕಸುಬಿಗೆ ಒಂದು ವಿಚಿತ್ರ ನಿಯಮವಿತ್ತು. ಹೊಸ ವೀರ ಬಂದ ಮೇಲೆ ಹಳೆಯವನು ಯಾವ ಅಂಗಡಿಯ ಮುಂದೂ ಕಾಣಬಾರದು. ಹಳೆಯದನ್ನು ಕಿತ್ತುಹಾಕಿದ್ದೇವೆ ಎಂಬುದಕ್ಕೆ ಸಾಕ್ಷಿ ಬೇಕು. ಅದಕ್ಕಾಗಿ ಕಟೌಟಿನ ಗದ್ದದ ಕೆಳಗೆ ನೇರವಾಗಿ ಕತ್ತರಿಸಿ, ತಲೆಯ ಹಿಂಭಾಗದಲ್ಲಿ ಅಂಗಡಿಯ ಹೆಸರು ಬರೆದು, ಚೀಲ ತುಂಬಿ ಏಜೆಂಟರ ಗೋದಾಮಿಗೆ ಒಪ್ಪಿಸಬೇಕು. ತಲೆ ಕೊಟ್ಟರೆ ಮಾತ್ರ ಹೊಸ ಕಟೌಟು. ಮೈಯನ್ನು ಹರಿದು ಬಿಸಾಕು ಎಂಬ ಹುಕುಂ. ಕಾಕಾನಿಗೆ ಹರಿಯಲು ಕೈ ಬರುತ್ತಿರಲಿಲ್ಲ. ಮೈಗಳನ್ನು ಸೈಕಲ್ಲಿನ ಹಿಂದೆ ಹಗ್ಗದಿಂದ ಕಟ್ಟಿಕೊಂಡು ಮನೆಗೆ ತರುತ್ತಿದ್ದ. ಹೀಗೆ ನಮ್ಮ ಮನೆಯ ತುಂಬ ತಲೆಯಿಲ್ಲದ ವೀರರು ಸೇರಿಕೊಂಡರು. ಸಿಂಹದ ಬಾಯಿ ಸೀಳುವ ಪೈಲ್ವಾನನೊಬ್ಬ ಬಚ್ಚಲಿಗೆ ಬಾಗಿಲಾದ. ಈಟಿ ಹಿಡಿದ ರಾಜಕುಮಾರ ಜೋಳದ ಡಬ್ಬಿಗೆ ಮುಚ್ಚಳವಾದ. ಹಾರುತ್ತಿದ್ದವನೊಬ್ಬನನ್ನು ಅವ್ವ ಮಾಳಿಗೆಯ ಮೇಲೆ ಮಲಗಿಸಿ ಎದೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು.

ಅಜ್ಜಿಗೆ ಇದು ಸೇರಲಿಲ್ಲ. ಬೆಳಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ರುಂಡವಿಲ್ಲದ ಮುಂಡ ಎದುರಾದರೆ ಯಾರಿಗೆ ತಾನೇ ಸೇರೀತು. ಒಂದು ಭಾನುವಾರ ಪುಂಡಿಪಲ್ಯ ರೊಟ್ಟಿ ತಿನ್ನುತ್ತ ಕುಳಿತಾಗ ಜಗಳ ಕಟ್ಟೆಯೊಡೆಯಿತು. ಅಜ್ಜಿ ತಾಟು ಸರಿಸಿ ಕೈ ತೊಳೆದುಬಿಟ್ಟಳು.

“ತಲಿ ಇಲ್ಲದ್ದು ಮನ್ಯಾಗ ನಿಲ್ಲಬಾರದು ಬಸ್ಯಾ. ಮನಿ ಮಂದಿ ತಲೀನ ತಿಂತಾವ ಅವು.”

“ತಲಿ ಇಲ್ಲಂದ್ರ ಕೂಡಸೂಣಂತ ತಡಿ, ಯವ್ವಾ.”

ಕಾಕಾ ತಮಾಷೆಗೆ ಅಂದದ್ದು, ಆದರೆ ಮಧ್ಯಾಹ್ನವೇ ಕೆಲಸಕ್ಕೆ ಕುಳಿತ. ಬೇರೆ ರಟ್ಟು ಕತ್ತರಿಸಿ ತಲೆಯ ಆಕಾರ ಮಾಡಿ, ಮೈದಾ ಹಿಟ್ಟಿನ ಅಂಟಿನಿಂದ ಕುತ್ತಿಗೆಗೆ ಹಚ್ಚಿ, ಮೇಲೆ ಪದರಪದರವಾಗಿ ಕಾಗದ ಅಂಟಿಸಿ, ಬಿಳಿ ಬಳಿದು, ಅದರ ಮೇಲೆ ಮುಖ ಬರೆಯುವುದು. ಬಣ್ಣ ಅಂದರೆ ಪೊಟ್ಟಣದಲ್ಲಿ ಸಿಗುವ ಪುಡಿ ಬಣ್ಣ, ಗೋಂದಿನ ನೀರಿನಲ್ಲಿ ಕಲಸಿದ್ದು. ಕಲಸುವ ಕೆಲಸ ನನ್ನದು. ನನಗೆ ಎಂಟು ವರ್ಷ. ತೆಂಗಿನ ಚಿಪ್ಪಿನಲ್ಲಿ ಬೆರಳಾಡಿಸಿ ಗಂಟು ಒಡೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮೊದಲ ಮುಖ ಅಜ್ಜಿಯದೇ ಆಯಿತು, ಸಿಂಹ ಸೀಳುವ ಪೈಲ್ವಾನನ ಮೇಲೆ ಅಜ್ಜಿಯ ಮೂಗುಬೊಟ್ಟು, ವಿಭೂತಿ. ಬಚ್ಚಲಿನ ಮುಂದೆ ತನ್ನನ್ನೇ ಕಂಡ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ತಕರಾರು ನಿಂತಿತು. ಜೋಳದ ಡಬ್ಬಿಯ ಮೇಲೆ ಕನ್ನಡಕದ ಅಪ್ಪ ಬಂದ.

ಅಕ್ಕ ತನ್ನ ಪಾಳಿಗಾಗಿ ಕಾಯ್ದು ಕುಳಿತವಳಲ್ಲ, ಕಾಕಾನ ಮುಂದೆ ಹೋಗಿ ನಿಂತು ಕೇಳಿದವಳು. ಆ ವಾರವಷ್ಟೇ ಲಿಂಗಂಪಲ್ಲಿ ಸ್ಟೇಷನ್ ಸ್ಟಾಲಿನಿಂದ ಕುದುರೆ ಸವಾರನ ಮೈ ಬಂದಿತ್ತು. ಅಕ್ಕ ಅದರ ಪಕ್ಕದಲ್ಲಿ ನಿಂತು ಕುದುರೆಯ ಮೂತಿ ಸವರುತ್ತ ಇದು ತನ್ನದೇ ಎಂದು ತೀರ್ಮಾನಿಸಿಬಿಟ್ಟಳು. ಹಿತ್ತಾಳೆಯ ಕೊಳಗವನ್ನು ಬೋರಲು ಹಾಕಿ ಅವಳನ್ನು ಕೂರಿಸಿದರು. ಅವಳೆಲ್ಲಿ ಕೂರುವವಳು. ಕುಂಟೆಬಿಲ್ಲೆ ಆಡಲು ಗೆಳತಿಯರು ಅಂಗಳದಿಂದ ಕರೆಯುತ್ತಿದ್ದರು. ಅವಳು ಅತ್ತ ತಿರುಗುವುದು, ಕಾಕಾ ಗದ್ದ ಹಿಡಿದು ಇತ್ತ ತಿರುಗಿಸುವುದು, ನಾನು ಚಿಪ್ಪು ಹಿಡಿದು ನಗುವುದು. ಅವಳ ಮುಂದಿನ ಹಲ್ಲು ಹ್ಯಾಂಡ್‌ಪಂಪಿನ ಹಿಡಿಕೆ ಬಡಿದು ಮುರಿದಿತ್ತು. ಅದನ್ನು ಬಿಟ್ಟು ಬರೆಯಬೇಕೆಂದು ಕಾಕಾನ ಆಸೆ.

“ಬಾಯಿ ಮುಚ್ಚ ಶಶಿ, ಹಲ್ಲ ಕಾಣಾಕತ್ತೈತಿ.”

“ಕಾಣಲಿ ಬಿಡು ಕಾಕಾ. ನನ್ನ ಹಲ್ಲ ಐತಿ, ಮಂದೀದೇನಲ್ಲ.”

ಹಾಗಾಗಿ ಮುರಿದ ಹಲ್ಲಿನೊಂದಿಗೇ ಬರೆದ. ಬಾಯಿ ಅರ್ಧ ತೆರೆದು, ಏನೋ ಹೇಳಲು ಹೊರಟ ಹಾಗೆ. ಎರಡು ಜಡೆ ಬರೆದು, ಅದರಲ್ಲಿ ಒಂದನ್ನು ಹೆಗಲಿನಿಂದ ಕೆಳಗೆ, ಸವಾರನ ನೀಲಿ ಹೊದಿಕೆಯ ಮೇಲೆಯೇ ಇಳಿಬಿಟ್ಟು, ತುದಿಗೆ ಕೆಂಪು ರಿಬ್ಬನ್ನು ಬರೆದ. ಆ ಕೆಂಪನ್ನು ನಾನೇ ಕಲಸಿದ್ದೆ. ಗೋಂದು ಜಾಸ್ತಿಯಾಗಿತ್ತೆಂದು ಬೈಸಿಕೊಂಡದ್ದೂ ನೆನಪಿದೆ. ಒಣಗಿದ ಮೇಲೆ ವಾರ್ನಿಷ್ ಹೊಡೆಯುತ್ತೇನೆ, ಅಲ್ಲಿಯ ತನಕ ನೀರು ತಾಗಿಸಬೇಡಿ ಎಂದ ಕಾಕಾ.

ವಾರ್ನಿಷ್ ಹೊಡೆಯುವುದರೊಳಗೆ ಅಕ್ಕನಿಗೆ ಜ್ವರ ಬಂತು. ಮೊದಲು ಬಿಸಿಲಿನ ಜ್ವರ ಅಂದುಕೊಂಡರು. ಕಣ್ಣು ಹಳದಿಯಾದ ಮೇಲೆ ಟಾಂಗಾದಲ್ಲಿ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಒಂಬತ್ತನೆಯ ದಿನ ಅಪ್ಪ ಒಬ್ಬನೇ ಮನೆಗೆ ಬಂದು, ಚಪ್ಪಲಿ ಬಿಡದೆ ಅಡುಗೆಮನೆಯವರೆಗೆ ನಡೆದು, ಅಜ್ಜಿಯ ಮುಂದೆ ಕುಳಿತುಬಿಟ್ಟ. ಅವತ್ತು ಒಲೆಯ ಮೇಲಿದ್ದ ರೊಟ್ಟಿ ಸುಟ್ಟು ಕರಕಾದ ವಾಸನೆ ನನಗೆ ಈಗಲೂ ಬರುತ್ತದೆ. ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಅಕ್ಕನದು ಒಂದೇ ಫೋಟೋ ಇತ್ತು, ಸ್ಟುಡಿಯೋದಲ್ಲಿ ತೆಗೆಸಿದ್ದು. ಹದಿಮೂರು ದಿನ ಕಳೆದ ಮೇಲೆ ಅಜ್ಜಿ ಅದನ್ನು ಗೋಡೆಯಿಂದ ಇಳಿಸಿದಳು. ಹೆತ್ತವರ ಕಣ್ಣ ಮುಂದೆ ಹೋದ ಕೂಸಿನ ಫೋಟೋ ಮನೆಯಲ್ಲಿ ಇಡಬಾರದು, ಇಟ್ಟರೆ ಅದಕ್ಕೆ ಮುಂದಿನ ಹಾದಿ ಸಿಗುವುದಿಲ್ಲ ಎಂಬುದು ಅವಳ ತವರಿನ ಕಟ್ಟುಪಾಡಂತೆ. ಅವ್ವ ಬೇಡ ಅನ್ನಲಿಲ್ಲ. ಆ ಕಾಲದ ಸೊಸೆ ಬೇಡ ಅನ್ನುವುದುಂಟೇ. ಅಪ್ಪ ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ಹೋಗಿ ಕೃಷ್ಣೆಗೆ ಬಿಟ್ಟು ಬಂದ. ಅವನು ಬಂದ ಸಂಜೆ ಅವ್ವ ಗೋಡೆಯ ಮೊಳೆಯನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದು, ಮಂಚದ ಹಿಂದೆ ಒಣಗಲು ನಿಲ್ಲಿಸಿದ್ದ ಕುದುರೆ ಸವಾರನನ್ನು ಎತ್ತಿ ತಂದು ಅಡುಗೆಮನೆಯ ಬಾಗಿಲ ಪಕ್ಕ, ಅಕ್ಕ ಊಟಕ್ಕೆ ಕೂರುತ್ತಿದ್ದ ಜಾಗದಲ್ಲಿ ನಿಲ್ಲಿಸಿದಳು. ಅಜ್ಜಿ ನೋಡಿದಳು. ನಾವೆಲ್ಲ ಅಜ್ಜಿಯನ್ನು ನೋಡಿದೆವು.

“ಅದು ಕಂಪನೀದು. ಅದಕ್ಯಾಕ ಶಾಸ್ತ್ರ,” ಎಂದಳು ಅಜ್ಜಿ. ಅಷ್ಟೇ ಅಂದು ದೀಪಕ್ಕೆ ಎಣ್ಣೆ ಹಾಕಲು ಎದ್ದುಹೋದಳು.

ಕಾಕಾ ವಾರ್ನಿಷ್ ಡಬ್ಬಿ ತಂದಾಗ ಅವ್ವ ಹೊಡೆಯಗೊಡಲಿಲ್ಲ. ವಾರ್ನಿಷ್ ಹೊಡೆದರೆ ಬಣ್ಣ ಸ್ವಲ್ಪ ಹಳದಿಗೆ ತಿರುಗುತ್ತದೆ ಎಂದು ಕಾಕಾನೇ ಬಾಯಿ ತಪ್ಪಿ ಹೇಳಿದ್ದ. ಹಳದಿ ಅನ್ನುವ ಮಾತು ಕೇಳಿದ್ದೇ ತಡ, ಅವ್ವ ಬ್ರಷ್ಷನ್ನು ಅವನ ಕೈಯಿಂದ ಕಿತ್ತುಕೊಂಡಳು. ಹಾಗಾಗಿ ಆ ಮುಖ ಹಸಿ ಬಣ್ಣದ ಮುಖವಾಗಿಯೇ ಉಳಿಯಿತು. ಬೆರಳಿನಲ್ಲಿ ಎಂಜಲು ಹಚ್ಚಿ ಉಜ್ಜಿದರೂ ಎದ್ದುಬರುವಂಥದ್ದು. ಮನೆಗೆ ಹೊಸ ಕಟ್ಟುಪಾಡು ಹುಟ್ಟಿಕೊಂಡಿತು.

“ಅಕಿಗೆ ನೀರ ತಾಗಸಬ್ಯಾಡ್ರಿ.”

ದಿನಾ ಬೆಳಗ್ಗೆ ದೇವರ ಜಗಲಿಗೆ ದೀಪ ಹಚ್ಚಿ ಬಂದ ಅವ್ವ ಒಣ ಸೆರಗಿನ ತುದಿಯಿಂದ ಆ ಮುಖ ಒರೆಸುತ್ತಿದ್ದಳು. ಹಣೆಯಿಂದ ಶುರುಮಾಡಿ ಕೆನ್ನೆ, ಗದ್ದ, ಕೊನೆಗೆ ಹೊದಿಕೆಯ ಮೇಲಿನ ಜಡೆ, ರಿಬ್ಬನ್ನು. ಒರೆಸುವುದೆಂದರೆ ಮುಟ್ಟಿಯೂ ಮುಟ್ಟದ ಹಾಗೆ. ದೀಪಾವಳಿಯ ನಸುಕಿನಲ್ಲಿ ಅಜ್ಜಿ ನಮ್ಮ ತಲೆಗೆಲ್ಲ ಎಣ್ಣೆ ಒತ್ತುತ್ತ ಬಂದು, ಕಟೌಟಿನ ಮುಂದೆ ನಿಂತು, ಎತ್ತಿದ ಕೈಯನ್ನು ಹಾಗೇ ಇಳಿಸಿ, ಬಗ್ಗಿ ಬೂಟಿನ ಮೇಲೆ ಒಂದು ಬೊಟ್ಟು ಎಣ್ಣೆ ಇಟ್ಟಳು. ಬೂಟು ಅಚ್ಚಾದದ್ದು, ಅದಕ್ಕೆ ಏನೂ ಆಗುವುದಿಲ್ಲ. ಸಾಯುವ ವರ್ಷದ ತನಕ ಅಜ್ಜಿ ಅದನ್ನು ತಪ್ಪಿಸಲಿಲ್ಲ. ಕಂಪನಿಯ ಬೊಂಬೆಗೆ ಯಾಕಜ್ಜಿ ಎಣ್ಣೆ ಎಂದು ಕೇಳುವಷ್ಟು ಹುಂಬತನ ನನ್ನಲ್ಲಿ ಇತ್ತು. ಒಂದು ಸಲ ಕೇಳಿಯೂ ಬಿಟ್ಟೆ. ಅವಳು ನನ್ನ ನೆತ್ತಿಯ ಮೇಲೆ ಇನ್ನೊಂದು ಹನಿ ಎಣ್ಣೆ ಸುರಿದಳು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ನನಗೆ ಆ ಕಟೌಟಿನ ಮೇಲೆ ಹೊಟ್ಟೆಕಿಚ್ಚು ಇತ್ತು. ಒಂದು ಮಳೆಗಾಲದ ಮಧ್ಯಾಹ್ನ ಮಾಳಿಗೆ ಸೋರತೊಡಗಿತು. ಮೊದಲು ಹನಿ, ಆಮೇಲೆ ಧಾರೆ. ಅವ್ವ ಒಲೆ ಬಿಟ್ಟು ಓಡಿಬಂದವಳು ಹಾಸಿಗೆ ಎತ್ತಲಿಲ್ಲ, ಜೋಳದ ಚೀಲ ಎತ್ತಲಿಲ್ಲ, ನನ್ನನ್ನೂ ಎತ್ತಲಿಲ್ಲ. ನಾನು ಚಳಿಜ್ವರದಲ್ಲಿ ಕೌದಿ ಹೊದ್ದು ಮಲಗಿದ್ದೆ, ನೀರು ನನ್ನ ಕಾಲ ಮೇಲೆಯೇ ಸುರಿಯುತ್ತಿತ್ತು. ಅವ್ವ ನನ್ನ ಮೇಲಿನ ಕೌದಿಯನ್ನೇ ಸೆಳೆದು ಕಟೌಟಿಗೆ ಸುತ್ತಿ, ಅದನ್ನು ಅಪ್ಪಿಕೊಂಡು ಪಕ್ಕದ ಮನೆಯ ಕಟ್ಟೆಗೆ ಹೋಗಿ ನಿಂತಳು. ನಾನು ಒದ್ದೆಯಾಗಿ ಅಲ್ಲೇ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಕಾಕಾ ಬಂದು ನನ್ನನ್ನು ಎತ್ತಿಕೊಂಡು ಹೋದ. ಅವ್ವ ನನ್ನ ಕಡೆ ನೋಡಿದಾಗ ಅವಳ ಮುಖದಲ್ಲಿ ತಪ್ಪು ಮಾಡಿದ ಅಳುಕು ಇತ್ತು. ಅದನ್ನು ನಾನು ಕಂಡೆ, ಕಂಡೂ ಕ್ಷಮಿಸಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ರಟ್ಟು ಮುದ್ದು ಎಂದು ನಾನು ಗೆಳತಿಯರ ಮುಂದೆ ಆಡಿ ನಗಿಸುತ್ತಿದ್ದೆ. ನಗಿಸಿ ಮನೆಗೆ ಬಂದು, ಯಾರೂ ಇಲ್ಲದ ಹೊತ್ತಿನಲ್ಲಿ, ಬೆರಳನ್ನು ನೀರಿನ ತಂಬಿಗೆಯಲ್ಲಿ ಅದ್ದಿ ಆ ಮುಖದ ಹತ್ತಿರ ಒಯ್ಯುತ್ತಿದ್ದೆ. ಮುಟ್ಟಲಿಲ್ಲ. ಒಮ್ಮೆಯೂ ಮುಟ್ಟಲಿಲ್ಲ. ಬೆರಳಿನ ತುದಿಯಿಂದ ಹನಿ ನೆಲಕ್ಕೆ ಬೀಳುವ ತನಕ ನಿಂತಿದ್ದು ಕೈ ಒರೆಸಿಕೊಂಡು ಬರುತ್ತಿದ್ದೆ.

ನಾನು ಮುಂದೆ ಈ ಹುಚ್ಚು ಹಚ್ಚಿಕೊಂಡದ್ದು ಯಾಕೆ ಎಂದು ಕೇಳುವವರಿಗೆ ಕಾಕಾನ ಕಥೆ ಹೇಳುತ್ತೇನೆ. ಟಿವಿ ಬಂದು ಕಾಮಿಕ್ಸ್ ಮುಳುಗಿತು, ಏಜೆಂಟರು ಕದ ಹಾಕಿದರು, ಕಾಕಾ ತನ್ನ ಬೋರ್ಡುಗಳನ್ನೆಲ್ಲ ನನಗೆ ಬಿಟ್ಟು ತೀರಿಕೊಂಡ, ನಾನು ಅದನ್ನು ಬೆಳೆಸಿದೆ. ಇದು ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ. ಪ್ರೀತಿ ಅಂದರೆ ರಟ್ಟಿನದು, ತಗಡಿನದು, ಮಳೆಗೆ ಮೊದಲು ಎತ್ತಿಕೊಂಡು ಓಡಬೇಕಾದದ್ದು ಎಂದು ನಾನು ಎಂಟು ವರ್ಷಕ್ಕೇ ಕಲಿತಿದ್ದೆ. ಟೆಲಿಫೋನ್ ಇಲಾಖೆಯ ನೌಕರಿಯಲ್ಲಿ ಇದ್ದಷ್ಟು ಕಾಲ ಭಾನುವಾರ ಬಂತೆಂದರೆ ಅಬಿಡ್ಸ್ ಫುಟ್‌ಪಾತು, ಗುರುವಾರ ರಜೆ ಹಾಕಿಯಾದರೂ ಜುಮೆರಾತ್ ಬಜಾರಿನ ಗುಜರಿ. ತುಕ್ಕು ಹಿಡಿದ ಸುತ್ತುವ ಸ್ಟ್ಯಾಂಡುಗಳು, ‘ಹೊಸ ಸಂಚಿಕೆ ಬಂದಿದೆ’ ಎಂದು ಮೂರು ಭಾಷೆಯಲ್ಲಿ ಬರೆದ ತಗಡುಗಳು, ಅಂಗಡಿಯ ಸೂರಿಗೆ ತೂಗುಹಾಕುವ ಕಾಗದದ ಮಾಲೆಗಳು. ಈಗ ನಾನು ಮತ್ತು ಅವ್ವ ಇಬ್ಬರೇ ಇರುವ ಲಿಂಗಂಪಲ್ಲಿಯ ಫ್ಲ್ಯಾಟಿನಲ್ಲಿ ಮೂರು ಕೋಣೆ. ಅದರಲ್ಲಿ ಎರಡು ಇವುಗಳಿಗೆ. ಕುದುರೆ ಸವಾರ ಮಾತ್ರ ಅಡುಗೆಮನೆಯ ಬಾಗಿಲ ಪಕ್ಕ, ಅಲ್ಲಿದ್ದ ಹಾಗೆಯೇ ಇಲ್ಲಿಯೂ.

ಹೋದ ವರ್ಷ ಸುಹಾಸನ ಫೋನು ಬಂತು. ಅವನು ಮೈಸೂರಿನ ಹುಡುಗ, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ನನ್ನಂತೆಯೇ ಹುಚ್ಚ. ಫುಟ್‌ಪಾತಿನ ಮೇಲೆ ಒಂದೇ ತಗಡಿಗೆ ಇಬ್ಬರೂ ಕೈ ಹಾಕಿ ಪರಿಚಯವಾದವನು. ಸುಲ್ತಾನ್ ಬಜಾರಿನ ಯಾವುದೋ ಹಳೆಯ ಗೋದಾಮು ಕೆಡವಿದ್ದಾರೆ, ಗುಜರಿಗೆ ಒಂದು ಚೀಲ ತಲೆಗಳು ಬಂದಿವೆ ಎಂದ.

“ಆಂಟಿ, ಹಿಂದೆ ಕನ್ನಡದಲ್ಲಿ ಬರೆದಿದೆ. ನಿಮ್ಮ ಚಿಕ್ಕಪ್ಪನ ಅಕ್ಷರವೇ ಇರಬೇಕು, ಬೇಗ ಬನ್ನಿ.”

ಹೋದೆ. ಗೋಣಿಚೀಲ ಬಿಚ್ಚಿ ಬಿಸಿಲಿನಲ್ಲಿ ಹರಡಿದೆವು. ಇಲಿ ತಿಂದವು, ಗೆದ್ದಲು ಹಿಡಿದವು, ಅವುಗಳ ನಡುವೆ ಒಂದು ತಲೆ ಹೊಸದರಂತೆ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ, ಗದ್ದ ಎತ್ತಿದ ಕುದುರೆ ಸವಾರ. ತಿರುಗಿಸಿದರೆ ಕಾಕಾನ ಬಾಲ ಎಳೆದ ಅಕ್ಷರ: ಲಿಂಗಂಪಲ್ಲಿ ಸ್ಟೇಷನ್ ಸ್ಟಾಲ್. ನಮ್ಮ ಮನೆಯ ಮೈಯದೇ ತಲೆ. ಅದನ್ನು ಬಿಸಿಲಿನಿಂದ ಎತ್ತಿ ನೆರಳಿಗೆ ತಂದೆ. ತಲೆ ಮೈ ಕೂಡಿದ ಕಟೌಟು ಇಂಡಿಯಾದಲ್ಲಿ ಯಾರ ಬಳಿಯೂ ಇಲ್ಲ ಎಂದು ಸುಹಾಸ ಹೇಳುತ್ತಲೇ ಇದ್ದ. ನಿಯಮದ ಪ್ರಕಾರ ಇರಲು ಸಾಧ್ಯವೂ ಇಲ್ಲ. ಸಂಜೆ ಮನೆಗೆ ಬಂದು ಇಬ್ಬರೂ ಕುತ್ತಿಗೆಯ ಅಳತೆ ನೋಡಿದೆವು. ಕತ್ತರಿಸಿದ ಗೆರೆ ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತಿತ್ತು. ಸುಹಾಸ ನನ್ನ ಫೋನಿನಲ್ಲಿ ಕುತ್ತಿಗೆಯ ಫೋಟೋ ತೆಗೆದ. ಮುಖದ್ದು ತೆಗೆಯಲಿಲ್ಲ. ಆ ಮುಖದ ಫೋಟೋ ತೆಗೆಯಲು ಅವ್ವ ಎಂದೂ ಬಿಟ್ಟವಳಲ್ಲ; ಒಂದು ಸಲ ಫೋಟೋ ಮಾಡಿ ಹೊಳೆಗೆ ಬಿಟ್ಟದ್ದು ಸಾಕು ಅನ್ನುತ್ತಿದ್ದಳು. ಹೀಗಾಗಿ ಇವತ್ತು ನನ್ನ ಫೋನಿನಲ್ಲಿ ಕುತ್ತಿಗೆಯ ಫೋಟೋ ಐದು ಇವೆ. ಅಕ್ಕನ ಮುಖದ್ದು ಒಂದೂ ಇಲ್ಲ.

ಅವ್ವನಿಗೆ ನಾನು ಪೂರ್ತಿ ಹೇಳಲಿಲ್ಲ. ರಟ್ಟು ಬಾಗಿದೆ, ನೆಟ್ಟಗೆ ಮಾಡಿಸಿಕೊಂಡು ಬರುತ್ತೇನೆ ಎಂದೆ. ಅವ್ವನ ಕಣ್ಣು ಈಗ ಮಂಜು. ನಡುವೆ ಏನೂ ಕಾಣುವುದಿಲ್ಲ, ಅಂಚಿನಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದರು. ಮುಖ ಗುರುತಿಸುವುದಂತೂ ಇಲ್ಲವೇ ಇಲ್ಲ ಎಂದು ನಾನು ನಂಬಿದ್ದೆ. ಅಕ್ಕನ ಮುಖ ಬಿಡಿಸಿ ಬೇರೆ ಚೌಕಟ್ಟಿನಲ್ಲಿ ಹಾಕಿಸಿ ಅವಳ ಮಂಚದ ಹತ್ತಿರ ಇಡುವುದು, ಸವಾರನಿಗೆ ಅವನ ತಲೆ ಕೊಡುವುದು, ಎರಡೂ ಉಳಿಯುತ್ತವೆ ಎಂಬುದು ನನ್ನ ಲೆಕ್ಕಾಚಾರ. ಮೆಹದಿಪಟ್ಟಣದಲ್ಲಿ ಫ್ರೇಮಿನ ಅಂಗಡಿ ಇಟ್ಟಿರುವ ಖಾದರ್ ಭಾಯಿ ಹಳೆಯ ಕಾಗದಕ್ಕೆ ಜೀವ ಕೊಡುವ ಮನುಷ್ಯ. ನನ್ನ ಎಷ್ಟೋ ಪೋಸ್ಟರುಗಳನ್ನು ಉಳಿಸಿಕೊಟ್ಟವನು. ಅವನ ಮುಂದೆ ಅರ್ಧ ಗಂಟೆ ನಿಂತು ಹೇಳಿದೆ. ಜೋಡಿಸಿದ ಗೆರೆ ಕಾಣಬಾರದು, ಹಿಂದಿನ ಕಾಕಾನ ಅಕ್ಷರಕ್ಕೆ ಧಕ್ಕೆಯಾಗಬಾರದು, ನೀಲಿ ಬಣ್ಣ ತಿದ್ದಬಾರದು, ಮೇಲಿನ ಮುಖವನ್ನು ಹುಷಾರಾಗಿ ಬಿಡಿಸಿಡು. ಎಲ್ಲ ಹೇಳಿದೆ. ಪುಡಿ ಬಣ್ಣ, ವಾರ್ನಿಷ್ ಇಲ್ಲ, ನೀರು ತಾಗಿಸಬೇಡ ಎಂಬ ಒಂದು ಮಾತು ಹೇಳಲಿಲ್ಲ. ಐವತ್ತು ವರ್ಷ ಕಿವಿಯ ಮೇಲೆ ದಿನಾ ಬಿದ್ದ ಮಾತು. ಆ ಬಣ್ಣವನ್ನು ನನ್ನ ಈ ಕೈಯಲ್ಲೇ ಕಲಸಿದ್ದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ; ನನ್ನದು ಆಡದೆ ಹೋದದ್ದು.

ಹನ್ನೆರಡು ದಿನ ಕಟೌಟು ಮನೆಯಲ್ಲಿರಲಿಲ್ಲ. ಅವ್ವ ದಿನಾ ದೀಪ ಹಚ್ಚಿ ಬಂದು ಆ ಖಾಲಿ ಜಾಗದ ಮುಂದೆ ನಿಲ್ಲುವುದು, ಸೆರಗಿನ ತುದಿ ಕೈಯಲ್ಲೇ ಹಿಡಿದು ನನ್ನನ್ನು ಕೇಳುವುದು.

“ಯಾವಾಗ ಬರ್ತಾಳ?”

ಬರುತ್ತಾಳೆ ಅವ್ವ, ಈ ವಾರ ಬರುತ್ತಾಳೆ ಎಂದು ನಾನು ಹೇಳುವುದು. ಹನ್ನೆರಡನೆಯ ದಿನ ಅಂಗಡಿಗೆ ಹೋದಾಗ ಖಾದರ್ ಭಾಯಿ ಮೊದಲು ಕಟೌಟು ತೋರಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಿನ ಕೆಲಸ. ಕಪ್ಪು ಪಟ್ಟಿಯ ಸವಾರ ಗದ್ದ ಎತ್ತಿ, ಅಂಗಡಿಯ ಮುಂದೆ ನಿಂತ ಮೊದಲ ದಿನದ ಹಾಗೆ ನಿಂತಿದ್ದ. ನಾನು ಮಗುವಿನಂತೆ ಚಪ್ಪಾಳೆ ತಟ್ಟಿದೆ. ಆಮೇಲೆ ಆ ಮುಖ ಎಲ್ಲಿ ಎಂದು ಕೇಳಿದೆ. ಅವನು ಒಳಗೆ ಹೋಗಿ ಒಂದು ಟ್ರೇ ತಂದ. ಟ್ರೇಯಲ್ಲಿ ಸುಕ್ಕು ಬಿದ್ದ ಕಾಗದದ ಮುದ್ದೆ, ಸುತ್ತ ಕಂದು ನೀರು ಒಣಗಿದ ಕಲೆ. ಮೈದಾ ಅಂಟು ಬಿಡಿಸಲು ಹಿಂದಿನಿಂದ ನೀರು ಹಚ್ಚಿದ್ದ. ಮೈಯಂತೆ ಮುಖವೂ ಗಟ್ಟಿ ಬಣ್ಣದ್ದೆಂದು ತಿಳಿದಿದ್ದ. ಅಚ್ಚುಕಟ್ಟಾದ ಕೆಲಸಗಾರನಾದ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ನನ್ನ ಮುಖ ನೋಡಿ ಅವನು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಪಾನೀ ನಕ್ಕೋ ಬೋಲ್ಕೆ ಆಪ್ ಬೋಲೇಚ್ ನಹೀಂ, ಅಮ್ಮಾ.”

ನೀರು ಬೇಡ ಎಂದು ನೀವು ಹೇಳಲೇ ಇಲ್ಲವಲ್ಲ. ಅವನು ದೂರಲಿಲ್ಲ, ಕೇಳಿದ ಅಷ್ಟೆ. ನಾನು ಅವನ ಸ್ಟೂಲಿನ ಮೇಲೆ ಕುಳಿತುಕೊಂಡೆ. ಮರೆತೆನೋ, ಹೇಳಬಾರದೆಂದು ನನ್ನೊಳಗಿನ ಎಂಟು ವರ್ಷದವಳು ಬಾಯಿ ಹಿಡಿದಳೋ, ಅವತ್ತಿನಿಂದ ಇವತ್ತಿನವರೆಗೆ ನನಗೆ ಗೊತ್ತಾಗಿಲ್ಲ. ಮರೆತೆ ಎಂದು ಬರೆದರೆ ಓದಿದವರು ನಂಬುತ್ತಾರೆ. ನಾನು ನಂಬುವುದಿಲ್ಲ. ಹೊದಿಕೆಯ ಮೇಲಿನ ಜಡೆಯೂ ಹೋಗಿತ್ತು. ತುದಿಯ ರಿಬ್ಬನ್ನಿನ ಕೆಂಪು ಮಾತ್ರ, ಗೋಂದು ಜಾಸ್ತಿಯಾದ ಕೆಂಪು, ಕಡಲೆಕಾಳಿನಷ್ಟು ಅಂಟಿಕೊಂಡು ಉಳಿದಿತ್ತು. ಆ ಕಲೆಯನ್ನೂ ತೆಗೆದುಕೊಡುತ್ತೇನೆ ಎಂದ ಖಾದರ್ ಭಾಯಿ. ಬೇಡ ಎಂದೆ. ಕೆಟ್ಟ ಮೇಲೆ ಬಂದ ಬುದ್ಧಿ ಅದು.

ಸಂಜೆ ಕಟೌಟನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸಿದೆ. ಅವ್ವ ಮಲಗಿದ್ದಳು. ಬಂದಳೇ ಎಂದು ಮಂಚದಿಂದಲೇ ಕೇಳಿದಳು. ಬಂತು ಎಂದೆ. ದಿನಾ ‘ಬರುತ್ತಾಳೆ’ ಅನ್ನುತ್ತಿದ್ದ ನನ್ನ ಬಾಯಿಗೆ ಅವತ್ತು ‘ಬಂದಳು’ ಬರಲಿಲ್ಲ. ಅವ್ವ ಗೋಡೆಯ ಕಡೆ ಹೊರಳಿದಳು. ಕಣ್ಣು ಕಾಣದವಳಿಗೆ ಹೇಳದಿದ್ದರೆ ಗೊತ್ತಾಗುವುದಿಲ್ಲ, ದಿನಾ ಒರೆಸಿಕೊಂಡು ಹೋಗುತ್ತಾಳೆ, ಅವಳು ಇರುವಷ್ಟು ದಿನ ಹೀಗೇ ಸಾಗಿದರೆ ಸಾಕು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಎಂಥ ಬೇಡಿಕೆ ನೋಡಿ.

ಮರುದಿನ ಬೆಳಗ್ಗೆ ಅವ್ವ ದೀಪ ಹಚ್ಚಿ, ಗೋಡೆ ಹಿಡಿದು ನಡೆದು ಬಂದು ಕಟೌಟಿನ ಮುಂದೆ ನಿಂತಳು. ನಾನು ಒಲೆಯ ಮುಂದೆ ಚಹಾ ಸೋಸುತ್ತಿದ್ದೆ. ಅವಳು ಸೆರಗಿನ ತುದಿ ಎತ್ತಿ ಹಣೆಯ ತನಕ ಒಯ್ದು ನಿಲ್ಲಿಸಿದಳು. ಕತ್ತನ್ನು ಸ್ವಲ್ಪ ಓರೆ ಮಾಡಿ, ಅಂಚಿನ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಬೆರಳಿನಿಂದ ತುಟಿಯ ಜಾಗ ಮುಟ್ಟಿದಳು. ಅಲ್ಲಿ ಬಾಯಿ ಮುಚ್ಚಿತ್ತು. ಆಮೇಲೆ ಸೆರಗು ಕೆಳಗೆ ಬಿಟ್ಟಳು.

“ಗಿರಿಜಾ, ಒಂದು ಅರಿವಿ ತೋಯಿಸಿ ಕೊಡು.”

“ಯಾಕವ್ವಾ?”

“ಇಂವಗ ನೀರ ನಡೀತೈತಿ.”

ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ ಕೊಟ್ಟೆ. ಅವ್ವನ ಮುಖ ನೋಡಲು ನನಗೆ ಆಗಲಿಲ್ಲ, ಅವಳ ಕೈಯನ್ನಷ್ಟೇ ನೋಡುತ್ತಿದ್ದೆ. ಅವಳು ಒದ್ದೆ ಬಟ್ಟೆಯಿಂದ ಆ ಸವಾರನ ಹಣೆ ಒರೆಸಿದಳು, ಕಪ್ಪು ಪಟ್ಟಿ ಒರೆಸಿದಳು, ಗದ್ದ ಒರೆಸಿದಳು, ಮನೆಗೆ ಬಂದ ಪರರ ಮಗನ ಮುಖದ ಧೂಳು ತೆಗೆಯುವ ಹಾಗೆ. ಕುತ್ತಿಗೆ ದಾಟಿ ಹೆಗಲಿಗೆ ಬಂದಾಗ ಕೈ ನಿಂತಿತು. ಒದ್ದೆ ಬಟ್ಟೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಎರಡೂ ಅಂಗೈಯನ್ನು ಸೀರೆಗೆ ಉಜ್ಜಿ ಒಣಗಿಸಿಕೊಂಡು, ನೀಲಿ ಹೊದಿಕೆಯ ಮೇಲೆ ತಡಕಾಡದೆ, ನೇರವಾಗಿ ಆ ಕಡಲೆಕಾಳಿನಷ್ಟು ಕೆಂಪಿನ ಮೇಲೆ ಒಣ ಸೆರಗಿನ ತುದಿ ಇಟ್ಟಳು. ಮುಟ್ಟಿಯೂ ಮುಟ್ಟದ ಹಾಗೆ ಒರೆಸಿದಳು.